ಎರಡನೆಯದು ತೆರೆಯಬಾರದು

ಪ್ರೀತಿಯ ಅಳಿಯಂದಿರೇ,

ನಿಮ್ಮ ಅತ್ತೆ ಬದುಕಿದ್ದಿದ್ದರೆ ಈ ಪತ್ರವನ್ನು ಕಸಿದುಕೊಂಡು, "ಅಳಿಯನ ಹತ್ರ ಹೀಗಾ ಮಾತಾಡೋದು?" ಎನ್ನುತ್ತಿದ್ದಳು. ಅವಳಿಲ್ಲ. ನನ್ನನ್ನು ತಡೆಯುವವರೂ ಇಲ್ಲ.

ನಾನೂ ತಮ್ಮನೂ ದುಡಿಯುವ ಮುದ್ರಣಾಲಯದ ಕಾಗದ ಕತ್ತರಿಸುವ ಯಂತ್ರಕ್ಕೆ ನೀವು ಬರೆದುಕೊಟ್ಟ ಪ್ರೋಗ್ರಾಮ್ ಇದೆಯಲ್ಲ, ಅದು ಅವನ ಬಲಗೈಯ ನಾಲ್ಕು ಬೆರಳು ತಿಂದುಹಾಕಿತು. ಹೇಗೆಂದು ಕೇಳಿ. ಕಂಪ್ಯೂಟರ್ ಬಲು ನಿಧಾನ. ಪ್ರೋಗ್ರಾಮ್ ತೆರೆಯಲು ತಮ್ಮ ಮೌಸ್ ಒತ್ತಿದ, ಏನೂ ಕಾಣಲಿಲ್ಲ, ಮತ್ತೆ ಒತ್ತಿದ. ಯಾರಾದರೂ ಒತ್ತುತ್ತಾರೆ. ಪರದೆಯಲ್ಲಿ ಅದೇ ಪ್ರೋಗ್ರಾಮ್ ಎರಡು ತೆರೆದುಕೊಂಡವು, ಒಂದರ ಮೇಲೊಂದು, ಅಡಿಯದು ಕಾಣದಂತೆ ಅಂಚಿಗೆ ಅಂಚು ಕೂತು. ಕಾಗದ ಸಿಕ್ಕಿಕೊಂಡಾಗ ಅವನು ಮೇಲಿನದನ್ನು ನಿಲ್ಲಿಸಿದ. 'ನಿಂತಿದೆ' ಎಂದು ಅದೂ ತೋರಿಸಿತು. ಕೈ ಹಾಕಿದ. ಅಡಿಯಲ್ಲಿದ್ದದ್ದು ನಿಂತಿರಲಿಲ್ಲ. ಅಲಗು ಇಳಿಯಿತು. ಸೈಮಲ್ಟೇನಿಯಸ್, ಅಂದರೆ ಏಕಕಾಲಕ್ಕೆ, ಎಂಬ ಪದವನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಅಂದು ಬಿಳಿ ಹಾಳೆಗಳ ನಡುವೆ ರಕ್ತ ಸುರಿಸಿಕೊಂಡು ಬಿದ್ದಿತ್ತು.

ಮಾಲೀಕ ಓಡಿಬಂದು ಆಡಿದ ಮೊದಲ ಮಾತು: "ಎರಡು ಸಲ ಒತ್ತಿದ್ದು ಯಾರಯ್ಯಾ?" ನನ್ನ ಕೈಗೆ ಸುತ್ತಿಗೆ ಸಿಕ್ಕಿತು. ಮೊದಲು ಕಂಪ್ಯೂಟರ್ ಪುಡಿ ಮಾಡಿದೆ, ಆಮೇಲೆ ಅವನ ಕೊರಳಪಟ್ಟಿ ಹಿಡಿದೆ. ಮೊಣಕೈಯಿಂದ ನನ್ನ ಬಾಯಿಗೆ ಬಾರಿಸಿದ. ಹಲ್ಲೊಂದು ಉಗುಳಿದೆ. ಅದು ಹೇಗೂ ಅಲ್ಲಾಡುತ್ತಿತ್ತು, ಬಿಡಿ. ಎಲ್ಲಿದ್ದೆ? ಹಾಂ, ನಿಮಗೆ ಫೋನ್ ಮಾಡಿದೆ. "ಮಾವ, ಎರಡು ಸಲ ಒತ್ಬೇಡಿ ಅಂತ ಮೊದ್ಲೇ ಹೇಳಿದ್ನಲ್ಲಾ?" ಅಂದಿರಿ. ಆಗ ಎದುರಿಗಿದ್ದಿದ್ದರೆ ಮಗಳ ಮುಖ ನೋಡಿಯೂ ನಿಮ್ಮನ್ನು ಬಿಡುತ್ತಿರಲಿಲ್ಲ.

ಮಾಲೀಕ ಹೊಸ ಕಂಪ್ಯೂಟರ್ ತಂದಿದ್ದಾನೆ. ಒಳಗೆ ಅದೇ ಪ್ರೋಗ್ರಾಮ್. ಸೋಮವಾರದಿಂದ ಅದರ ಮುಂದೆ ಕೂರುವವಳು ತಮ್ಮನ ಹೆಂಡತಿ, ಮನೆ ನಡೆಯಬೇಕಲ್ಲ. "ನಾನು ಒಂದೇ ಸಲ ಒತ್ತಿ ಕಾಯ್ತೀನಿ ಭಾವ, ನೀವು ಹೆದರಬೇಡಿ" ಎಂದು ನನಗೇ ಸಮಾಧಾನ ಹೇಳುತ್ತಾಳೆ.

ನನಗೆ ಬೇಕಾದದ್ದು ಇಷ್ಟೇ. ನಿಮ್ಮ ಪ್ರೋಗ್ರಾಮ್ ತೆರೆದುಕೊಳ್ಳುವ ಮೊದಲು ತಾನು ಆಗಲೇ ಒಳಗಿದ್ದೇನೆಯೇ ಎಂದು ನೋಡಬೇಕು. ಇದ್ದರೆ ಮೊದಲಿನದನ್ನೇ ಮುಂದಕ್ಕೆ ತಂದು ನಿಲ್ಲಿಸಿ, ತಾನು ಹೊಸ್ತಿಲಲ್ಲೇ ಸಾಯಬೇಕು. ಓನ್ಲಿ ಒನ್. ನೂರು ಸಲ ಒತ್ತಿದರೂ ಓನ್ಲಿ ಒನ್.

ಭಾನುವಾರ ಬಂದು ಸರಿಮಾಡಿ. ಮಾಡಿ ಮುಗಿಸಿದ ಮೇಲೆ ಅಲಗಿನ ಕೆಳಗೆ ನಿಮ್ಮ ಬಲಗೈ ಇಡಿ. ಮೌಸ್ ನಾನು ಒತ್ತುತ್ತೇನೆ, ಎರಡು ಸಲ. ಕೈ ಇಡಲು ಹೆದರಿಕೆಯಾದರೆ ಕೆಲಸ ಮುಗಿದಿಲ್ಲ ಎಂದರ್ಥ. ಮತ್ತೆ ಕೂತು ಬರೆಯಿರಿ. ನಾನು ಕಾಯುತ್ತೇನೆ.

ನಿಮ್ಮ ಹತ್ತು ಬೆರಳೂ ನೂರು ಕಾಲ ನಿಮ್ಮೊಂದಿಗೇ ಇರಲಿ ಎಂದು ಮನಸಾರೆ ಹರಸುವ,
ನಿಮ್ಮ ಮಾವ