ನನ್ನ ಕಾಲು ಸುಮ್ಮನಿದ್ದ ಎರಡು ವರ್ಷ

ಪ್ರೀತಿಯ ತಮ್ಮಾ,

ನೀನು ಬರೆದ ಒಂದೇ ಸಾಲಿನ ಪತ್ರ ನನ್ನ ಕೈ ಸೇರಿ ಎಂಟು ತಿಂಗಳಾಯಿತು. "ಅಕ್ಕಾ, ಹೊಸ ವೀಡಿಯೋ ನೋಡಿದೆ. ಅದು ನಿನ್ನ ಕಾಲಲ್ಲ." ಅಷ್ಟೇ. ಕ್ಷೇಮ ಸಮಾಚಾರವಿಲ್ಲ, ಸಹಿಯಿಲ್ಲ. ಒಂಬತ್ತು ವರ್ಷ ಮಾತು ಬಿಟ್ಟವನು ಮೊದಲು ಬಾಯಿ ತೆರೆದದ್ದೇ ಹೀಗೆ! ಓದಿದ ಕೂಡಲೇ ಕೋಪ ಬಂತು. ಶಾಲೆಯ ಬಸ್ಸು ಓಡಿಸುವವನಿಗೆ ಏನು ಗೊತ್ತು ಎಂದು ಗೊಣಗಿಕೊಂಡೆ. ಆಮೇಲೆ ಮತ್ತೆ ಓದಿದೆ. ಟಿಕೆಟ್ ತೆಗೆದುಕೊಂಡು ಬಂದು ಎದುರಿಗೇ ನಿಂತ ಸಾವಿರಾರು ಜನರಿಗೆ ಕಾಣದ್ದನ್ನು ನೀನು ಅಂಗೈಯಗಲದ ಫೋನಿನಲ್ಲಿ ಕಂಡುಹಿಡಿದಿದ್ದೆ. ನಿಜ ಕಣೋ. ಅದು ನನ್ನ ಕಾಲಲ್ಲ. ಈ ಮೂರು ಪದ ಬರೆಯುವುದಕ್ಕೆ ನನಗೆ ಎಂಟು ತಿಂಗಳು ಹಿಡಿಯಿತು.

ನಿನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಮುಚ್ಚಿಹೋದ ಸರ್ಕಸ್ಸಿನವರಿಂದ ಅಪ್ಪ ತಂದ ಆ ಹಳೆಯ ಡ್ರಮ್ ಸೆಟ್ಟು ನಿನ್ನ ಬೆನ್ನಿಗೆ ನೆನಪಿರಬೇಕು. ನಾಲ್ಕು ಡ್ರಮ್ಮು, ಅಂಚು ಸೀಳಿದ ಒಂದು ಕಂಚಿನ ಸಿಂಬಲ್ ತಟ್ಟೆ. ಅಪ್ಪ ಅಂಗಡಿಗಳ ಬೋರ್ಡು ಬರೆಯುವವರಾದ್ದರಿಂದ ದೊಡ್ಡ ಡ್ರಮ್ಮಿನ ಮೇಲಿದ್ದ ಸರ್ಕಸ್ಸಿನ ಹೆಸರನ್ನು ಕೆರೆದು, ಆನೆಯ ಚಿತ್ರವನ್ನು ಮಾತ್ರ ಉಳಿಸಿದರು. "ಇದು ಸಂಗೀತ ಅಲ್ಲ, ಮನೆ ಕೆಡವೋ ಕಾಂಟ್ರಾಕ್ಟು" ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು. ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಪೆಡಲ್ ತುಳಿದಾಗಲೆಲ್ಲ ಅದು ನುಣುಪು ನೆಲದ ಮೇಲೆ ಇಂಚು ಇಂಚೇ ಮುಂದಕ್ಕೆ ಜಾರುತ್ತಿತ್ತು. ಮೊಳೆ ಹೊಡೆಯಲು ಅಮ್ಮ ಬಿಡಲಿಲ್ಲ. ಅದಕ್ಕೇ ನೀನು ಆನೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ, ತೊಡೆಯ ಮೇಲೆ ಬೇಸ್ ಗಿಟಾರು ಇಟ್ಟುಕೊಂಡು. ನಾನು ತುಳಿದದ್ದು ನಿನ್ನ ಕಿವಿಗಿಂತ ಮೊದಲು ಬೆನ್ನುಮೂಳೆಗೆ ಮುಟ್ಟುತ್ತಿತ್ತು. ಹೀಗೆ ಆರು ವರ್ಷ. ನನ್ನ ಬಲಗಾಲಿಗೆ ಸುಸ್ತಾದರೆ, ಸಿಟ್ಟು ಬಂದರೆ, ಹಸಿವಾದರೆ ನನಗಿಂತ ಮೊದಲು ನಿನಗೆ ಗೊತ್ತಾಗುತ್ತಿತ್ತು. "ಅಕ್ಕಾ, ಊಟ ಮಾಡಿ ಬಾ, ಕಾಲು ಅಳ್ತಿದೆ" ಅನ್ನುತ್ತಿದ್ದೆ.

ಆಮೇಲೆ ಗಿಟಾರಿನ ಮೇಷ್ಟ್ರು ಬಂದು ನಮ್ಮನ್ನು ಸೇರಿಸಿಕೊಂಡು ಬ್ಯಾಂಡು ಕಟ್ಟಿದರು. ನಿಜವಾಗಿಯೂ ಗಣಿತದ ಮೇಷ್ಟ್ರು. ಪ್ರೊಗ್ರೆಸಿವ್ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತದ ಹುಚ್ಚನ್ನು ನಮಗೆ ಹತ್ತಿಸಿದವರೂ ಅವರೇ. ತಾಳ ನಾಲ್ಕು ನಾಲ್ಕಾಗಿ ನಡೆಯುವ ಹಾಡು ಅವರಿಗೆ ಸೇರದು. ಏಳಕ್ಕೊಂದು ಸಲ ತಿರುಗಬೇಕು, ಹನ್ನೊಂದಕ್ಕೊಂದು ಸಲ ಮುರಿಯಬೇಕು, ಮುರಿದದ್ದು ಇಪ್ಪತ್ತು ನಿಮಿಷವಾದ ಮೇಲೆ ಬಂದು ಕೂಡಿಕೊಳ್ಳಬೇಕು. ಅವರ ಹಾಡುಗಳಿಗೆ ಒಂದು ಕಾಲು ಸಾಲಲಿಲ್ಲ. ಜೋಡಿ ಪೆಡಲ್ ಬಂತು. ಎಡಗಾಲಿಗೆ ಅ ಆ ಇ ಈ ಕಲಿಸಲು ಒಂದು ವರ್ಷ ಹೋಯಿತು. ಜೋಡಿ ಪೆಡಲ್ ಹೋಗಿ ಎರಡು ದೊಡ್ಡ ಡ್ರಮ್ಮುಗಳೇ ಬಂದವು. ಆಮೇಲೆ ಆರು ಚಿಕ್ಕ ಡ್ರಮ್ಮು, ಒಂಬತ್ತು ಸಿಂಬಲ್ಲು. ಎಲ್ಲಕ್ಕೂ ನೆಲದ ಮೇಲೆ ಸ್ಟ್ಯಾಂಡು ಇಡಲು ಜಾಗ ಸಾಲದೆ, ಸುತ್ತಲೂ ಉಕ್ಕಿನ ಕೊಳವೆಗಳ ಚೌಕಟ್ಟು ಮಾಡಿ ಅದಕ್ಕೆ ನೇತುಹಾಕಿದರು. ಸಾಮಾನು ಹೊರುವವರು ಅದಕ್ಕೆ ಪಂಜರ ಎಂದೇ ಹೆಸರಿಟ್ಟರು. "ಪಂಜರ ಲೋಡ್ ಆಯ್ತಾ?" ಎಂದು ಕೂಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಳಗೆ ಹೋಗಬೇಕಾದರೆ ಎಡಗಡೆಯ ಸಿಂಬಲ್ಲಿನ ಕೆಳಗೆ ಅಂಬೆಗಾಲಿಡಬೇಕು. ಒಳಗೆ ಹೋದ ಮೇಲೆ ಆ ಸಿಂಬಲ್ಲನ್ನು ಕೆಳಗಿಳಿಸಿ ಬಿಗಿಯುತ್ತಾರೆ. ಎರಡೂವರೆ ಗಂಟೆ ಹೊರಗೆ ಬರುವ ಹಾಗಿಲ್ಲ. ಒಮ್ಮೆ ನನಗೆ ತಡೆಯಲಾರದಷ್ಟು ಮೂತ್ರಕ್ಕೆ ಅವಸರವಾಗಿ, ಹದಿನೆಂಟು ನಿಮಿಷದ ಹಾಡನ್ನು ಹದಿನಾಲ್ಕರಲ್ಲಿ ಮುಗಿಸಿದ್ದು ನೆನಪಿದೆಯೇ? "ಇವತ್ತು ಅದ್ಭುತ ವೇಗ" ಎಂದು ಪತ್ರಿಕೆಯವರು ಬರೆದರು. ಅಂದಿನಿಂದ ಕಾರ್ಯಕ್ರಮದ ದಿನ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟೆ. ಆ ಸಾಮಾನುಗಳ ಸಂದಿಯಿಂದ ನನಗೆ ನಿನ್ನ ಬಲಮೊಣಕೈ ಮಾತ್ರ ಕಾಣುತ್ತಿತ್ತು. ಆ ಮೊಣಕೈ ನೋಡಿಕೊಂಡೇ ಎಷ್ಟೋ ವರ್ಷ ನುಡಿಸಿದೆ.

ಅದೂ ಹೋಯಿತು. ಮೊದಲು ಸದ್ದು ತಡೆಯಲೆಂದು ಸುತ್ತ ಪಾರದರ್ಶಕ ಗೋಡೆ ನಿಲ್ಲಿಸಿದರು. ಬೆಳಕು ಬಿದ್ದರೆ ಅದರಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಆಮೇಲೆ ಕಿವಿಯೊಳಗೆ ಸಿಕ್ಕಿಸುವ ಸ್ಪೀಕರು ಬಂತು. ಅದರಲ್ಲಿ ತಾಳ ಎಣಿಸುವ ಕಂಪ್ಯೂಟರಿನ ಟಕ್ ಟಕ್ ಟಕ್. ಅದರ ಮೇಲೆ ಮೇಷ್ಟ್ರು ಮೊದಲೇ ಮುದ್ರಿಸಿಟ್ಟ ದನಿ: "ತಿರುವು ಬರ್ತಿದೆ... ಒಂದು, ಎರಡು, ಮೂರು." ದೀಪಗಳೂ ಪರದೆಯ ಚಿತ್ರಗಳೂ ಅದೇ ಕಂಪ್ಯೂಟರಿಗೆ ಕಟ್ಟಿಹಾಕಿದ್ದರಿಂದ ನಾವು ಅರೆಕ್ಷಣವೂ ಆಚೀಚೆ ಆಗುವಂತಿರಲಿಲ್ಲ. ನೀನು ಒಂದು ವಾರ ಸಹಿಸಿಕೊಂಡು ಎಂಟನೆಯ ದಿನ ಕೇಳಿದೆ: "ಅಕ್ಕಾ, ನಿನ್ನ ಕಿವಿಯಲ್ಲಿ ನಾನು ಎಲ್ಲಿದ್ದೀನಿ?" ನಾನು ಮೇಷ್ಟ್ರ ಮುಖ ನೋಡಿದೆ. ಕಿವಿಯಲ್ಲಿ ಟಕ್ ಟಕ್ ಮಾತ್ರ ಇತ್ತು. ನಿನ್ನ ಬೇಸನ್ನು ನಾನೇ ಕಡಿಮೆ ಮಾಡಿಸಿದ್ದೆ. ಅದನ್ನು ಹೇಳಲಾರದೆ, "ನಿನ್ನ ತಾಳ ಅಲುಗಾಡುತ್ತೆ, ನಾನೇನು ಮಾಡಲಿ?" ಎಂದೆ. ನಮ್ಮಿಬ್ಬರಿಗೂ ಕಾಲು ಕೆರೆದು ಜಗಳವಾಡುವ ಚಾಳಿ ಚಿಕ್ಕಂದಿನಿಂದ ಇದ್ದದ್ದೇ. ಆದರೆ ಅಂದು ನೀನು ಜಗಳವಾಡಲಿಲ್ಲ. ಗಿಟಾರನ್ನು ಚೀಲಕ್ಕೆ ತುಂಬಿ ಜಿಪ್ ಎಳೆದುಕೊಂಡು ಹೊರಟೆ. ನಿನ್ನ ತಾಳ ಅಲುಗಾಡುತ್ತಿರಲಿಲ್ಲ. ಅದು ಉಸಿರಾಡುತ್ತಿತ್ತು. ನನಗೆ ಅಂದೇ ಗೊತ್ತಿತ್ತು.

ನೀನು ಹೋದ ಮೇಲೆ ನನ್ನ ಹೆಸರು ಏರಿತು. ಡ್ರಮ್ಮಿಗೆ ಅಂಟಿಸುವ ಬೆರಳುದ್ದದ ಸೆನ್ಸರುಗಳು ಬಂದವು. ಪೆಡಲನ್ನು ಮುಟ್ಟಿದರೆ ಸಾಕು, ಅವು ಕಂಪ್ಯೂಟರಿಗೆ ಹೇಳುತ್ತವೆ, ಅದು ತನ್ನಲ್ಲಿರುವ ಗಟ್ಟಿ ಸದ್ದನ್ನು ಹೊರಗೆ ಕಳಿಸುತ್ತದೆ. ಸಿಟ್ಟಿನಿಂದ ತುಳಿದರೂ ಮುದ್ದಿನಿಂದ ತುಳಿದರೂ ಒಂದೇ ಸದ್ದು. ಒಂದು ಕಂಪನಿಯವರು ನನ್ನ ಹೆಸರಿನಲ್ಲೇ ಪೆಡಲ್ ಮಾಡಿ ಮಾರತೊಡಗಿದರು. ಪಾದ ಇಡುವ ಹಲಗೆಯ ಮೇಲೆ ನನ್ನ ಸಹಿ. ನನ್ನ ಸಹಿಯ ಮೇಲೆ ನಾನೇ ಕಾಲಿಟ್ಟು ತುಳಿಯುವುದು!

ಎರಡು ವರ್ಷದ ಹಿಂದೆ ಆ ಕಾಲೇ ಕೈಕೊಟ್ಟಿತು. ನೋವಿಲ್ಲ. ನಡೆದರೆ ಸರಿ, ಮೆಟ್ಟಿಲು ಹತ್ತಿದರೆ ಸರಿ. ಪೆಡಲ್ ಮೇಲೆ ಇಟ್ಟ ಕೂಡಲೇ ಬೆರಳುಗಳು ಮುಷ್ಟಿಯ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತವೆ, ಹಿಮ್ಮಡಿ ಹೊರಕ್ಕೆ ತಿರುಗುತ್ತದೆ. ನರದ ಡಾಕ್ಟರು ಕಡ್ಡಿಯಿಂದ ಅಂಗಾಲು ಗೀಚಿ, "ಕಾಲು ಚೆನ್ನಾಗಿದೆ. ಈ ಒಂದು ಕೆಲಸವನ್ನ ಮಾತ್ರ ನಿಮ್ಮ ಮೆದುಳು ಮರೆತಿದೆ. ಇಷ್ಟು ವರ್ಷ ಅದನ್ನೇ ಮಾಡಿಸಿದ್ರಲ್ಲ" ಎಂದರು. ಎಲ್ಲರೂ ಕಷ್ಟ ಬಂದಾಗ ಕಾಲಿಗೆ ಬುದ್ಧಿ ಹೇಳುತ್ತಾರೆ. ನನ್ನ ಕಾಲು ಬುದ್ಧಿಮಾತು ಕೇಳುವುದನ್ನೇ ನಿಲ್ಲಿಸಿತ್ತು.

ಮೇಷ್ಟ್ರಿಗೆ ಹೇಳಿದೆ. ಅವರು ಗಿಟಾರನ್ನು ಕೆಳಗಿಟ್ಟು, "ನಿನ್ನ ಹಳೆಯ ರೆಕಾರ್ಡಿಂಗ್ ಎಲ್ಲಾ ಇದೆಯಲ್ಲ. ಕಾಲಿನ ಸದ್ದು ಮಾತ್ರ ಅದರಿಂದ ಹಾಕೋಣ. ಕಾಲು ಸರಿ ಹೋಗೋವರೆಗೆ. ಅದೂ ನೀನೇ ನುಡಿಸಿದ್ದು ತಾನೇ?" ಎಂದರು. ಅವರು ಕೆಟ್ಟವರಲ್ಲ, ತಮ್ಮಾ. ನನ್ನನ್ನು ಉಳಿಸಲೆಂದೇ ಹೇಳಿದರು. ನಾನೂ ಉಳಿದುಕೊಂಡೆನೆಂದೇ ತಿಳಿದೆ. ಹುಲಿ ಸವಾರಿ ಅಂತಾರಲ್ಲ, ಹತ್ತುವಾಗ ಅದು ಹುಲಿಯೆಂದು ಯಾರೂ ಹೇಳುವುದಿಲ್ಲ. ಕೈ ನನ್ನದು, ಕಾಲು ಕಂಪ್ಯೂಟರಿನದು. ಎರಡು ದೊಡ್ಡ ಡ್ರಮ್ಮುಗಳ ಹಿಂದೆ ನನ್ನ ಪಾದ ಯಾರಿಗೂ ಕಾಣುತ್ತಿರಲಿಲ್ಲ. ಆದರೂ ಮಂಡಿ ಅಲ್ಲಾಡಿಸುತ್ತಿದ್ದೆ, ಮೇಲಿನ ಕ್ಯಾಮೆರಾಕ್ಕಾಗಿ. ಹೀಗೆ ಎರಡು ವರ್ಷ. ಒಪ್ಪಿಕೊಂಡರೆ ಬ್ಯಾಂಡು ಮುಳುಗುತ್ತದೆ, ಸುಮ್ಮನಿದ್ದರೆ ನಾನು ಮುಳುಗುತ್ತೇನೆ. ಅತ್ತ ದರಿ, ಇತ್ತ ಪುಲಿ. ಆ ಎಡಗಡೆಯ ಸಿಂಬಲ್ಲನ್ನು ಬಿಗಿಯುವ ಸದ್ದು ಕೇಳಿದರೆ ಸಾಕು, ಹೊರಗೆ ಬರಲು ಎಷ್ಟು ನಿಮಿಷ ಬಾಕಿಯಿದೆ ಎಂದು ಎಣಿಸತೊಡಗುತ್ತಿದ್ದೆ. ಆಗ ಬಂದದ್ದು ನಿನ್ನ ಪತ್ರ. ಓದಿಯೂ ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಒಂದು ಊರಿನಲ್ಲಿ ಮಧ್ಯಾಹ್ನ ಮೈಕು, ಸ್ಪೀಕರುಗಳ ಪರೀಕ್ಷೆ ಮುಗಿಸಿ, ಅಭಿಮಾನಿಗಳಿಗೆ ಸಹಿ ಹಾಕಲು ಕೂತಿದ್ದೆ. ನಿನ್ನ ವಯಸ್ಸಿನ ಒಬ್ಬ ಹೆಂಗಸು ಕುಂಟುತ್ತಾ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಆಸ್ಪತ್ರೆಯ ಹೆಸರಿದ್ದ ಡ್ಯೂಟಿ ಬಟ್ಟೆಯಲ್ಲೇ ಇದ್ದಳು. ಚೀಲದಿಂದ ನನ್ನ ಸಹಿಯ ಪೆಡಲ್ ತೆಗೆದು ಮೇಜಿನ ಮೇಲಿಟ್ಟಳು. "ಮೂರು ವರ್ಷದಿಂದ ಡ್ಯೂಟಿ ಮುಗಿಸಿ ದಿನಾ ನಾಲ್ಕು ಗಂಟೆ ತುಳೀತೀನಿ. ಹೊಸ ವೀಡಿಯೋದಲ್ಲಿ ನೀವು ತುಳಿಯೋ ಹಾಗೆ ಒಂದೇ ಸಮ ಬರ್ತಾನೇ ಇಲ್ಲ. ಎಲ್ಲಿ ತಪ್ಪು ಮಾಡ್ತಿದ್ದೀನಿ ಹೇಳಿ" ಎಂದಳು. ಬಲಗಾಲಿನ ಕಣಕಾಲು ಬನ್ನಿನಂತೆ ಊದಿಕೊಂಡಿತ್ತು. ಒಂದು ಸಲ ಎಲುಬಿನಲ್ಲಿ ಬಿರುಕೂ ಬಿಟ್ಟಿತ್ತಂತೆ. ಅದನ್ನು ನಗುತ್ತಾ ಹೇಳಿದಳು.

ನಾನು ಅವಳನ್ನು ವೇದಿಕೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಬೂಟು ಬಿಚ್ಚಿ ಅವಳದೇ ಪೆಡಲ್ ಮೇಲೆ ಕಾಲಿಟ್ಟೆ. ಬೆರಳುಗಳು ಮಡಚಿಕೊಂಡವು. ಅವಳು ಕೂಡಲೇ ಮಂಡಿಯೂರಿ ಕೂತು ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, "ನೋವಿದೆಯಾ?" ಎಂದು ಕೇಳಿದಳು. ಅಭಿಮಾನಿ ಹೋಗಿ ನರ್ಸ್ ಬಂದಿದ್ದಳು.

"ಇಲ್ಲ" ಎಂದೆ. ಉಳಿದದ್ದನ್ನೂ ಹೇಳಿದೆ. ಎರಡು ವರ್ಷದ್ದನ್ನೆಲ್ಲ.

ಅವಳು ನನ್ನ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟಳು. "ನಂಗೆ ನೋವಿದೆ" ಎಂದಳು. ಪೆಡಲನ್ನು ಅಲ್ಲೇ ಬಿಟ್ಟು ಗೋಡೆ ಹಿಡಿದುಕೊಂಡು ಹೊರಟುಹೋದಳು.

ಅಷ್ಟಾದ ಮೇಲೂ ಆ ಸಂಜೆ ನಾನು ಏನು ಮಾಡಿದೆ ಗೊತ್ತೇ? ಸಿಂಬಲ್ಲಿನ ಕೆಳಗೆ ತೆವಳಿ ಒಳಗೆ ಹೋಗಿ, ಕಿವಿಗೆ ಸ್ಪೀಕರು ಸಿಕ್ಕಿಸಿಕೊಂಡು, ಮಂಡಿ ಅಲ್ಲಾಡಿಸಿದೆ. ನನ್ನ ಬಗ್ಗೆ ಇದಕ್ಕಿಂತ ಹೀನವಾದ ಸಂಗತಿ ಬೇರೆ ಇಲ್ಲ. ಆದ್ದರಿಂದ ನಿನ್ನಿಂದ ಮುಚ್ಚಿಡುವುದಿಲ್ಲ.

ಮುಂದಿನ ಊರಿಗೆ ಹೋಗುವ ಬಸ್ಸಿನಲ್ಲಿ ಮೇಷ್ಟ್ರಿಗೆ ಹೇಳಿದೆ, ಇನ್ನು ನನ್ನಿಂದಾಗದು ಎಂದು. "ಇನ್ನು ಹನ್ನೊಂದು ಕಾರ್ಯಕ್ರಮ. ಅದನ್ನ ಮುಗಿಸಿ ಆಮೇಲೆ ಪ್ರಾಮಾಣಿಕಳಾಗು" ಎಂದು ಕಿಟಕಿಯ ಕಡೆ ತಿರುಗಿದರು. ನಾನು ನೇರವಾಗಿ ಸೌಂಡಿನವನ ಹತ್ತಿರ ಹೋದೆ. ನಿನಗೆ ಅವನು ಗೊತ್ತು, ನಾವು ಮೌನಿ ಎಂದು ಕರೆಯುತ್ತಿದ್ದವನು. "ಇವತ್ತು ಕಾಲಿನದ್ದು ಆಫ್ ಮಾಡು" ಎಂದೆ. ಅವನು ತಲೆಯೆತ್ತಲಿಲ್ಲ. "ಮಾಡ್ತೀನಿ ಅಕ್ಕಾ. ಆದ್ರೆ ಮಧ್ಯದಲ್ಲಿ ಹೆದರಿ ಆನ್ ಮಾಡು ಅಂತ ಕೈಸನ್ನೆ ಮಾಡಿದ್ರೆ ನಾನು ನೋಡಲ್ಲ" ಎಂದ. ವರ್ಷಗಳಲ್ಲಿ ಅವನು ಆಡಿದ ಅತಿ ಉದ್ದನೆಯ ಮಾತು ಅದು.

ಕೈಸನ್ನೆ ಮಾಡಿದೆ. ಎರಡನೇ ನಿಮಿಷಕ್ಕೇ ಮಾಡಿದೆ. ಅವನು ನಿಜಕ್ಕೂ ನೋಡಲಿಲ್ಲ. ಬಲಗಾಲು ಮಡಚಿಕೊಂಡಿತು, ಎಡಗಾಲು ಒಂಟಿಯಾಗಿ ಎಡವಿತು, ಕಿವಿಯಲ್ಲಿ ಟಕ್ ಟಕ್ ನನ್ನನ್ನು ಬಿಟ್ಟು ಮುಂದೆ ಓಡಿತು, ಅದರ ಹಿಂದೆ ದೀಪಗಳೂ ಓಡಿದವು. ಮೇಷ್ಟ್ರು ತಿರುಗಿ ನೋಡಿದರು. ಆ ಮುಖವನ್ನು ನಾನು ಮರೆಯಲಾರೆ. ಅದರಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ನಾನು ಕಿವಿಯಲ್ಲಿದ್ದದ್ದನ್ನು ಕಿತ್ತು ನುಡಿಸುವುದನ್ನೇ ನಿಲ್ಲಿಸಿದೆ. ಮೈಕಿರಲಿಲ್ಲ. ಎದ್ದು ನಿಂತು ಆ ಪಾರದರ್ಶಕ ಗೋಡೆಯ ಮೇಲಿಂದ ಕೂಗಿದೆ: "ಎರಡು ವರ್ಷದಿಂದ ನನ್ನ ಬಲಗಾಲು ಕೆಲಸ ಮಾಡ್ತಿಲ್ಲ. ನೀವು ಕೇಳ್ತಿದ್ದದ್ದು ರೆಕಾರ್ಡಿಂಗು." ಮುಂದಿನ ನಾಲ್ಕೈದು ಸಾಲಿಗೆ ಕೇಳಿಸಿರಬಹುದು. ಕೆಲವರು ಹೋ ಎಂದರು. ಒಬ್ಬ ಬಾಟಲಿ ಎಸೆದ. ಹಿಂದಿನವರು ಏನೋ ಹುರಿದುಂಬಿಸುತ್ತಿದ್ದಾಳೆಂದು ಚಪ್ಪಾಳೆ ತಟ್ಟಿದರು. ಹೊರಗೆ ಹೋಗೋಣವೆಂದರೆ ಸಿಂಬಲ್ಲು ಬಿಗಿದಿತ್ತು. ಅದನ್ನು ತೆಗೆಯುವವನು ಬರುವವರೆಗೆ ಆರು ನಿಮಿಷ, ಎಲ್ಲರ ಎದುರಿಗೆ, ಆ ಪಂಜರದೊಳಗೆ ಸುಮ್ಮನೆ ಕೂತಿದ್ದೆ.

ಈಗ ನನ್ನ ಜಾಗಕ್ಕೆ ಬೇರೆ ಡ್ರಮ್ಮರು ಬಂದಿದ್ದಾನೆ. ಚೌಕಟ್ಟು ಅವನಿಗೆ ಹೋಯಿತು. ಬಾಡಿಗೆ ಕೋಣೆಯಲ್ಲಿ ನನ್ನ ಹತ್ತಿರ ಅಭ್ಯಾಸಕ್ಕೆಂದು ತಟ್ಟೆಯಗಲದ ಒಂದು ರಬ್ಬರ್ ಪ್ಯಾಡು, ಎರಡು ಕೋಲು. ಅಂದು ಮುಂದೆ ನಿಂತವರು ಹೇಳಿದ್ದನ್ನು ಯಾರೂ ಪೂರ್ತಿ ನಂಬಿಲ್ಲ. ಸುಸ್ತಾಗಿ ಏನೋ ಬಡಬಡಿಸಿದಳೆಂದು ಸುದ್ದಿ ಹಬ್ಬಿಸಿದ್ದಾರೆ. ಪೆಡಲ್ ಕಂಪನಿಯ ವಕೀಲರು ಒಂದು ಕಾಗದ ಕಳಿಸಿದ್ದಾರೆ. ಕಳೆದ ತಿಂಗಳು ಕಾಲಿಗೆ ಪೆಟ್ಟಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೇನೆ ಎಂದು ನಾನು ಸಹಿ ಹಾಕಬೇಕು, ಮುಂದೆಂದೂ ಈ ವಿಷಯ ಮಾತಾಡಬಾರದು. ಆಗ ಆ ಎರಡು ವರ್ಷದ ವೀಡಿಯೋಗಳು ನನ್ನವಾಗಿಯೇ ಉಳಿಯುತ್ತವೆ, ಪೆಡಲ್ ಮಾರಾಟವಾಗುತ್ತಿರುತ್ತದೆ. ಸಹಿ ಹಾಕದಿದ್ದರೆ ಕೋರ್ಟಿಗೆ ಎಳೆಯುತ್ತಾರಂತೆ. ನಾಳೆ ಕೊನೆಯ ದಿನ. ಮೂರು ದಿನದಿಂದ ಆ ಕಾಗದದ ಎದುರು ಕೂತಿದ್ದೇನೆ. ಕೋಣೆಗೆ ಒಂದೇ ಕಿಟಕಿ. ಅದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ.

ಇವತ್ತು ಬೆಳಿಗ್ಗೆ ಪೆನ್ನು ಕೈಗೆ ತೆಗೆದುಕೊಂಡವಳು ಆ ಕಾಗದದ ಮೇಲೆ ಬರೆಯಲಿಲ್ಲ. ಆ ನರ್ಸಿಗೆ ಅವಳ ಆಸ್ಪತ್ರೆಯ ವಿಳಾಸಕ್ಕೆ ಒಂದು ಪತ್ರ ಬರೆದೆ, ಆಮೇಲೆ ನಿನಗೆ ಇದು. ಎರಡನ್ನೂ ಅಂಚೆಗೆ ಹಾಕಿದ ಮೇಲೆ ವಕೀಲರ ಕಾಗದವನ್ನು ಸಹಿಯಿಲ್ಲದೆ ಹಿಂದಕ್ಕೆ ಕಳಿಸುತ್ತೇನೆ. ಮುಂದೇನು ಅಂತ ಗೊತ್ತಿಲ್ಲ. ಹೆದರಿಕೆಯಾಗಿದೆ ಕಣೋ. ಇಷ್ಟು ಹೆದರಿಕೆ ಯಾವ ವೇದಿಕೆಯ ಮೇಲೂ ಆಗಿರಲಿಲ್ಲ.

ಈ ಪತ್ರವನ್ನು ಗುಟ್ಟಾಗಿಡಬೇಡ. ನಿನ್ನ ಹೆಂಡತಿಗೆ ಓದಿ ಹೇಳು, ಯಾರು ಕೇಳಿದರೂ ತೋರಿಸು. ನೀನು ನನ್ನನ್ನು ಕ್ಷಮಿಸಬೇಕೆಂದು ಇದನ್ನು ಬರೆಯಲಿಲ್ಲ. ನಾಳೆ ನನ್ನ ಧೈರ್ಯ ಕೆಟ್ಟು ಮಾತು ತಿರುಗಿಸಿದರೆ, ನಿಜ ಏನೆಂದು ಹೇಳಲು ನನ್ನ ಕೈಬರಹದ ಸಾಕ್ಷಿ ನಿನ್ನ ಹತ್ತಿರ ಇರಲಿ.

ನಿನ್ನ ಬಸ್ಸಿನ ಮಕ್ಕಳೆಲ್ಲ ದಿನಾ ಕ್ಷೇಮವಾಗಿ ಮನೆ ಸೇರಲಿ. ಅವರನ್ನೆಲ್ಲ ಇಳಿಸಿ ನೀನು ಮನೆಗೆ ಬಂದಾಗ ನಿನ್ನ ಮನೆಯ ಬಾಗಿಲು ಯಾವಾಗಲೂ ತೆರೆದಿರಲಿ.

ಇಂತಿ, ತಪ್ಪು ಮಾಡಿದ, ಆದರೂ ನಿನ್ನವಳೇ ಆದ,
ಅಕ್ಕ