ಡಲೀಲಾ ಕ್ಷಮೆ ಕೇಳುವುದಿಲ್ಲ

ಟೆಕ್ಸಾಸ್
ಗುರುವಾರ

ಪ್ರಾಂಶುಪಾಲರಾದ ವಿಟ್‌ಕಂ ಮೇಡಂ ಅವರಿಗೆ,

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ತಪ್ಪಿರುತ್ತದೆ, ಮನ್ನಿಸಿ. ಗ್ವಾಟೆಮಾಲಾದಲ್ಲಿ ಐದನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಎದುರು ನಿಂತರೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಎಲ್ಲಿ ಅಡಗಬೇಕೆಂದು ನೀವು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತೀರಿ. ಮೊನ್ನೆ ಅಭ್ಯಾಸ ಮುಗಿದ ಮೇಲೆ ಬ್ರೆಂಟ್ ಎಂಬ ಹುಡುಗ ನನ್ನ ತಂಗಿ ಡಲೀಲಾಳಿಗೆ, "ನೀವೆಲ್ಲ ಎಲ್ಲಿ ಬಚ್ಚಿಟ್ಕೋತೀರ ಅಂತ ನಂಗೊತ್ತಲ್ಲ ಕಣೇ, ಹುಡುಕೋ ಕೆಲಸಾನೇ ಇಲ್ಲ" ಅಂದ. ಅವಳು ಓಡಿಬಂದು ನಿಮಗೆ ಹೇಳಿದಳು. ನೀವು, "ತಮಾಷೆ ಮಾಡಿದಾನೆ ಪುಟ್ಟಿ, ಒಳ್ಳೇ ಹುಡುಗನ ಹೆಸರು ಕೆಡಿಸ್ಬೇಡ" ಎಂದು ಅವನ ಕ್ಷಮೆ ಕೇಳಲು ಹೇಳಿದಿರಿ.

ಅವಳು ಕೇಳುವುದಿಲ್ಲ. ಕೇಳಲು ನಾನು ಬಿಡುವುದೂ ಇಲ್ಲ. 'ಅನುಮಾನ ಬಂದರೆ ತಿಳಿಸಿ' ಎಂದು ಗೋಡೆಗೆಲ್ಲ ಅಂಟಿಸಿದವರು ನೀವೇ. ತಿಳಿಸಿದವಳಿಗೇ ಶಿಕ್ಷೆಯಾದರೆ ಇನ್ನು ಯಾವ ಮಗು ಬಾಯಿ ಬಿಡುತ್ತದೆ? ಇವತ್ತೇ ಆ ಹುಡುಗನನ್ನು ಕೂರಿಸಿಕೊಂಡು ಮಾತಾಡಿ. ಊಟಕ್ಕೂ ಅವನು ಒಬ್ಬನೇ ಕೂರುತ್ತಾನಂತೆ. ಅದೂ ನಿಮಗೆ ಕಾಣಲಿಲ್ಲ.

ಬೆಳಿಗ್ಗೆ ಅವನ ಮನೆಗೆ ಹೋಗಿ ತಾಯಿಗೆ ಎಲ್ಲ ಹೇಳಿದೆ. "ಸ್ಕೂಲಿಂದ ಒಂದು ಫೋನೂ ಬರ್ಲಿಲ್ವಲ್ಲಮ್ಮ" ಅಂದರು. ಜಿಂಕೆ ಬೇಟೆಯ ರೈಫಲ್ಲು ಬಾಗಿಲ ಹಿಂದೆಯೇ ಒರಗಿತ್ತು. ಅದನ್ನು ಅವರು ಎತ್ತಿಕೊಂಡರು, ಗುಂಡಿನ ಡಬ್ಬಿ ನಾನು ಹಿಡಿದುಕೊಂಡೆ. ಇಬ್ಬರೂ ಹೋಗಿ ಅವರ ಅಣ್ಣನ ಮನೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿಸಿ ಬಂದೆವು.

ಇಂತಿ,
ನೊಯೆಮಿ ಶಿತುಮುಲ್
ಡಲೀಲಾಳ ಅಕ್ಕ