ಅತ್ತೆ ಮಂಡಿಯೂರದ ದಿನ

ನಟೇಟೆ, ಕಂಪಾಲಾ
ಗುರುವಾರ, 14 ಮಾರ್ಚ್

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಗಳು ನಲುಮಾನ್ಸಿ ದೂರದಿಂದಲೇ ಮಂಡಿಯೂರಿದ್ದಾಳೆ. ಅಂಗಡಿ ಹೇಗಿದೆ, ಅಮ್ಮನ ಕೆಮ್ಮು ಇಳಿಯಿತೇ, ಮಸಾಕಾದಲ್ಲಿ ಮಳೆ ಬಂತೇ ಎಂದೆಲ್ಲ ಕೇಳಿದೆ, ನೀವು ಹೂಂ ಅಂದಿರಿ ಎಂದು ಇಟ್ಟುಕೊಳ್ಳಿ. ಇವತ್ತು ಕುಶಲಕ್ಕೆ ಅಷ್ಟೇ ಸಮಯ.

ಮೂರು ದಿನದಿಂದ ನೀವು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ಇದನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಮಸಾಕಾ ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಗಡಿಯ ಮುಂದೆ ನಿಲ್ಲಿಸಿ ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾನೆ.

ನಿಮ್ಮಕ್ಕ, ನಮ್ಮ ಎಸೇಜಾ ಅತ್ತೆ, ಆಸ್ಪತ್ರೆಯಲ್ಲಿದ್ದಾರೆ. ಬರುವ ಮಂಗಳವಾರ ತಲೆಯ ಆಪರೇಷನ್. ನೀವು ಬಂದು ಸಹಿ ಹಾಕದೆ ಅತ್ತೆ ಒಪ್ಪುವುದಿಲ್ಲ. ಸೋಮವಾರದೊಳಗೆ ನೀವು ಬರದಿದ್ದರೆ ಸಾಲೋಂಗೊ ಚಿಕ್ಕಪ್ಪ ಅವರನ್ನು ದೈವ ಮೈಮೇಲೆ ಬರುವವನ ಬಳಿಗೆ ಕರೆದೊಯ್ಯುತ್ತಾರೆ. "ವಾರಸುದಾರನ ಮುಂದೆ ಮಂಡಿ ಊರದಿದ್ದೋಳ ಕಾಲು ಇನ್ನೇನಾಗತ್ತೆ? ನಮ್ಮಪ್ಪ ಮಣ್ಣಿನೊಳಗಿಂದ ಹಿಡಕೊಂಡಿದಾನೆ" ಎಂದು ಅವರು ವಾರ್ಡಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

ಆ ದಿನದ ಮಾತು ಬಂದದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ಹೋದ ವರ್ಷ ತೀರಿಕೊಂಡ ಅಜ್ಜನ ಜಾಗದಲ್ಲಿ ವಾರಸುದಾರನೆಂದು ನಿಮ್ಮನ್ನು ನಿಲ್ಲಿಸಿದಾಗ, ಹೆಗಲ ಮೇಲೆ ಮರದ ತೊಗಟೆಯ ಬಟ್ಟೆ, ಕೈಯಲ್ಲಿ ಈಟಿ ಹಿಡಿದು ನಿಂತಿದ್ದಿರಿ. ಆ ಗಳಿಗೆಯಿಂದ ನೀವು ಅತ್ತೆಗೂ ತಂದೆ. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಮಂಡಿಯೂರಿದರು. ಅತ್ತೆ ಬಂದು ನಿಂತರು. ನಿಂತೇ ಇದ್ದರು. ಸಾಲೋಂಗೊ ಚಿಕ್ಕಪ್ಪ "ಮಂಡಿ ಊರೇ ಅಕ್ಕಾ, ಮೂಳೆ ಮುರಿಯಲ್ಲ" ಎಂದರು. ಆಗ ಅತ್ತೆ ನಿಮ್ಮ ಮುಖ ನೋಡಿ, "ಹೋಗೋ, ನಿನ್ನ ಮೂಗು ಒರೆಸಿದ ಕೈ ಇನ್ನೂ ಒಣಗಿಲ್ಲ, ನಿನಗೆ ಮಂಡಿ ಊರ್ಬೇಕಾ?" ಎಂದರು. ಅಂಗಳಕ್ಕೆ ಅಂಗಳವೇ ನಕ್ಕಿತು. ನೀವು ನಗಲಿಲ್ಲ. ಅಂದಿನಿಂದ ಅತ್ತೆಯ ಈ ಮನೆಯ ಹೊಸಿಲು ತುಳಿದಿಲ್ಲ.

ಆಮೇಲಿನ ವರ್ಷವನ್ನು ನಾನು ಈ ಮನೆಯಲ್ಲಿದ್ದು ಕಂಡೆ. ಅತ್ತೆ ನಡೆಯುವಾಗ ಪಾದ ನೆಲಕ್ಕೆ ಅಂಟಿದ ಹಾಗೆ ಎಳೆಯತೊಡಗಿದರು. ಬಾಗಿಲ ಬಳಿ ಬಂದರೆ ನಿಂತುಬಿಡುತ್ತಿದ್ದರು, ಅಲ್ಲೊಂದು ಕಾಲುವೆ ಹರಿಯುತ್ತಿರುವಂತೆ. ಒಂದು ಮಧ್ಯಾಹ್ನ ಬಾಳೆಕಾಯಿಯನ್ನು ಎಲೆಯಲ್ಲಿ ಸೊಗಸಾಗಿ ಕಟ್ಟಿ ಒಲೆಗೆ ಏರಿಸಿದ್ದರು, ಪಾತ್ರೆಗೆ ನೀರೇ ಹಾಕಿರಲಿಲ್ಲ. ಎಲೆ ಹೊತ್ತಿ ಮನೆಯೆಲ್ಲ ಹೊಗೆ. "ಈಗಿನ ಬಾಳೆ ಎಲೇಲಿ ರಸಾನೇ ಇಲ್ಲ" ಎಂದು ನನ್ನನ್ನೇ ಗದರಿದರು. ನಾನೂ ಎಲೆಯ ತಪ್ಪೆಂದೇ ಒಪ್ಪಿಕೊಂಡೆ.

ನಮ್ಮ ಬೀದಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ನಮ್ಮವರೇ. ಅತ್ತೆ ಕುರ್ಚಿಯಲ್ಲಿ ಕುಳಿತವರು ಶುರು ಮಾಡಿದರು: "ಡಾಕ್ಟ್ರಪ್ಪಾ, ಬೆಳಿಗ್ಗೆಯಿಂದ ದುಡಿದು ದಣಿದಿದೀರಿ, ಒಳ್ಳೇದಾಗ್ಲಿ. ಹೆಂಡ್ತಿ ಹೇಗಿದಾರೆ? ಹೂಂ. ಮಕ್ಕಳು? ಹೂಂ. ಊರ ಕಡೆ ಹಿರಿಯರು?" ಆ ಹೂಂಕಾರಗಳ ಏರಿಳಿತವೂ ತಪ್ಪಲಿಲ್ಲ. ನಮ್ಮ ಕುಶಲಪ್ರಶ್ನೆಗಳು ನಾಲಿಗೆಗೆ ಎಷ್ಟು ಪಳಗಿವೆಯೆಂದರೆ, ತಲೆ ಜೊತೆಗಿಲ್ಲದಿದ್ದರೂ ತಾವಾಗಿಯೇ ನಡೆಯುತ್ತವೆ. ಡಾಕ್ಟರು ಖುಷಿಯಾಗಿ "ಅಜ್ಜೀ, ನಿಮ್ಮ ತಲೆ ನನ್ನ ತಲೆಗಿಂತ ಚೆನ್ನಾಗಿದೆ" ಎಂದು ಮಂಡಿನೋವಿನ ಮಾತ್ರೆ ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಅತ್ತೆ ನನ್ನ ಕಿವಿಯಲ್ಲಿ ಕೇಳಿದರು: "ಆ ಮನುಷ್ಯ ಯಾರೇ? ಯಾಕೆ ಬಂದಿದ್ದ?"

ಮೂರು ತಿಂಗಳು ಮಾತ್ರೆ ನುಂಗಿದರು. ಎರಡು ಸಲ ಬಿದ್ದರು. ಆಮೇಲೆ ದೊಡ್ಡಾಸ್ಪತ್ರೆ. ಅಲ್ಲಿ ಡಾಕ್ಟರ್ ಅಚಿರೋ ಎಂಬ ಹೆಂಗಸು, ಉತ್ತರದ ಕಡೆಯವರು. ಅವರಿಗೆ ನಮ್ಮ ಕುಶಲಪ್ರಶ್ನೆಗಳ ಗೊಡವೆಯಿಲ್ಲ. ಅತ್ತೆ ಹೆಂಡತಿ ಮಕ್ಕಳನ್ನು ವಿಚಾರಿಸಲು ಹೊರಟಾಗ "ನನಗೆ ಹೆಂಡ್ತಿ ಇಲ್ಲಮ್ಮಾ, ಎದ್ದು ನಡೀರಿ ನೋಡೋಣ" ಎಂದರು. ಅತ್ತೆ ನಡೆದರು. ಡಾಕ್ಟರು ಮುಖ ನೋಡಲೇ ಇಲ್ಲ, ಪಾದಗಳನ್ನು ನೋಡಿದರು. ಆಮೇಲೆ ಕೇಳಿದರು: "ಬಟ್ಟೆಯಲ್ಲಿ ಮೂತ್ರ ಹೋಗತ್ತಾ?"

"ನಾನೇನು ಮಗೂನಾ?" ಎಂದರು ಅತ್ತೆ.

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಹೆಣ್ಣುಮಕ್ಕಳ ಮೈಯ ವಿಷಯವನ್ನೆಲ್ಲ ನನಗೆ ಒಂದಿಷ್ಟೂ ನಾಚದೆ ಕಲಿಸಿದವರು ಇದೇ ಅತ್ತೆ. ಅವರ ಮೈಯ ವಿಷಯ ಒಂದು ಮಾತು ಹೇಳಲು ನನ್ನಿಂದ ಆಗಲಿಲ್ಲ. "ಇಲ್ಲ" ಎಂದೆ. ಡಾಕ್ಟರು ಏನೋ ಬರೆದು ಮುಂದಿನ ರೋಗಿಯನ್ನು ಕರೆದರು.

ಗೇಟಿನವರೆಗೆ ಬಂದು, ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ಹಿಂದಕ್ಕೆ ಓಡಿದೆ. ಆಗಲೂ ಬಾಯಿ ಬರಲಿಲ್ಲ. ಮಾತ್ರೆಯ ಚೀಟಿಯ ಹಿಂದೆ ಬರೆದು ಮೇಜಿನ ಮೇಲಿಟ್ಟೆ: 'ದಿನಾ. ಒಂದು ವರ್ಷದಿಂದ. ಹಾಸಿಗೆ ಬಟ್ಟೆ ನಾನೇ ಒಗೆಯುತ್ತೇನೆ.' ಅವರು ಓದಿ, ಎದುರಿಗಿದ್ದ ರೋಗಿಯನ್ನು ಬಿಟ್ಟು ಎದ್ದು ನಿಂತರು. "ಇದನ್ನ ಮೊದಲೇ ಹೇಳೋದಲ್ವೇನಮ್ಮಾ! ಕಾಲು, ನೆನಪು, ಮೂತ್ರ, ಮೂರೂ ಒಟ್ಟಿಗೆ ಕೆಡ್ತಿದ್ರೆ ಅದಕ್ಕೊಂದು ಕಾರಣ ಇರಬಹುದು. ಬರೀ ವಯಸ್ಸು ಅಂತ ಬಿಡೋ ಹಾಗಿಲ್ಲ" ಎಂದರು. ಅಂದೇ ಸ್ಕ್ಯಾನ್ ಆಯಿತು.

ಮಿದುಳಿನೊಳಗೆ ಎಲ್ಲರಿಗೂ ನೀರು ಇರುತ್ತದಂತೆ. ಅತ್ತೆಯದು ಸರಿಯಾಗಿ ಇಳಿದುಹೋಗದೆ ಒಳಗೇ ತುಂಬಿ ಹಿಗ್ಗಿದೆ. ನಿನ್ನೆ ಬೆಳಿಗ್ಗೆ ಪರೀಕ್ಷೆಗಾಗಿ ಬೆನ್ನಿಗೆ ಸೂಜಿ ಹಾಕಿ ಕಾಲು ಲೋಟದಷ್ಟು ತೆಗೆದರು. ಅದಕ್ಕೆ ಮುಂಚೆ ಅತ್ತೆ ವಾರ್ಡಿನ ಓಣಿಯನ್ನು ದಾಟಲು ನಲವತ್ತೊಂದು ಹೆಜ್ಜೆ ಹಾಕಿದ್ದರು. ತೆಗೆದು ಮೂರು ಗಂಟೆಯ ಮೇಲೆ ಇಪ್ಪತ್ತಮೂರು. ನಾನೇ ಎಣಿಸಿದೆ. ಈ ಸುಧಾರಣೆ ಎರಡು ಮೂರು ದಿನ ಉಳಿದರೆ ಹೆಚ್ಚು. ಉಳಿಯಬೇಕಾದರೆ ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೆ ಸಣ್ಣ ಕೊಳವೆ ಇಡಬೇಕು. ಕಾಲು ಬಹುಶಃ ಸರಿಹೋಗುತ್ತದೆ, ನೆನಪಿನ ಬಗ್ಗೆ ಮಾತು ಕೊಡುವುದಿಲ್ಲ ಎಂದರು ಡಾಕ್ಟರು. ಅಪಾಯವೇ ಇಲ್ಲ ಎಂದೂ ಹೇಳಲಿಲ್ಲ.

ಒಪ್ಪಿಗೆಯ ಕಾಗದ ತಂದಾಗ ಅತ್ತೆ "ನಮ್ಮಪ್ಪ ಬಂದು ಹೂಂ ಅನ್ನದೆ ನನ್ನ ತಲೆಗೆ ಯಾರೂ ಕೈ ಹಾಕ್ಬೇಡಿ" ಎಂದರು. ಎಪ್ಪತ್ತೊಂದು ವರ್ಷದವರ ಅಪ್ಪ! ಡಾಕ್ಟರು ನಿಟ್ಟುಸಿರು ಬಿಟ್ಟು, ತಂದೆ ತೀರಿಕೊಂಡದ್ದು ರೋಗಿಗೆ ನೆನಪಿಲ್ಲ ಎಂದು ಫೈಲಿನಲ್ಲಿ ಬರೆದರು. ಆಗ ನನಗೆ ಬಾಯಿ ಬಂತು. ಅವರು ಹೇಳುತ್ತಿರುವುದು ನನ್ನ ಅಪ್ಪನನ್ನು, ಅಜ್ಜನ ಜಾಗದಲ್ಲಿ ಕೂತವರನ್ನು, ಅತ್ತೆಗೆ ಅದು ಚೆನ್ನಾಗಿ ನೆನಪಿದೆ ಎಂದೆ. ಡಾಕ್ಟರು ಆ ಸಾಲಿಗೆ ಅಡ್ಡಗೆರೆ ಎಳೆದರು. "ಹಾಗಾದ್ರೆ ಅವರನ್ನ ಕರೆಸಿ, ಬೇಗ" ಎಂದರು.

ಮಂಡಿಯೂರದ ಹೆಂಗಸು ನಿಮ್ಮ ಮಾತಿಗೆ ಕಾದು ಕುಳಿತಿದ್ದಾಳೆ, ಅಪ್ಪಾ.

ಇನ್ನು ನನ್ನ ತಪ್ಪು. ಆ ದಿನ ಅತ್ತೆಯ ಹಿಂದೆಯೇ ಕಾಣಿಕೆಯ ಬುಟ್ಟಿ ಹಿಡಿದು ಮಂಡಿಯೂರಿದ್ದವಳು ನಾನು. ಎಲ್ಲರೂ ಅವರ ಮುಖ ನೋಡುತ್ತಿದ್ದರು. ನನಗೆ ಕಂಡದ್ದು ಅವರ ಉಡುಪಿನ ಅಂಚು. ಕಾಲುಗಳು ನಡುಗುತ್ತಿದ್ದವು, ಅಂಚು ಒದ್ದೆಯಾಗುತ್ತಿತ್ತು, ಕೆಳಗಿನ ಚಾಪೆಯ ಮೇಲೆ ಹನಿ ಬಿತ್ತು. ನಾನು ಬುಟ್ಟಿಯನ್ನು ಆ ಹನಿಗಳ ಮೇಲೆ ಸರಿಸಿಟ್ಟೆ. ಅದರ ಮರುಕ್ಷಣವೇ ಅವರು ನಿಮ್ಮ ಮೂಗಿನ ತಮಾಷೆ ಮಾಡಿದ್ದು. ಕೈಲಾಗದವಳು ಎನ್ನಿಸಿಕೊಳ್ಳುವುದಕ್ಕಿಂತ ಗರ್ವದವಳು ಎನ್ನಿಸಿಕೊಳ್ಳುವುದು ಅವರಿಗೆ ಸುಲಭವಾಗಿತ್ತು. ಅಂದು ಸಂಜೆಯೇ ನಿಮಗೆ ಹೇಳಬಹುದಿತ್ತು. ಅತ್ತೆಯ ಮಾನ ಕಾಯುತ್ತಿದ್ದೇನೆ ಎಂದುಕೊಂಡೆ. ನಿಜವಾಗಿ ನನಗೆ ನಾಚಿಕೆಯಾಗಿತ್ತು. ಒಂದು ವರ್ಷ ಮೊದಲು ಬಂದಿದ್ದರೆ ಕೆಲಸ ಹಗುರವಾಗುತ್ತಿತ್ತು ಎಂದರು ಡಾಕ್ಟರು.

ಬೈಯುವುದಿದ್ದರೆ ಬಂದು ಬೈಯಿರಿ. ಬೆಳಗಿನ ಮೊದಲ ವ್ಯಾನ್ ಹಿಡಿಯಿರಿ.

ನಿಮ್ಮ ಮಗಳು,
ನಲುಮಾನ್ಸಿ

ಮರೆತ ಮಾತು: ನಿನ್ನೆ ಸಂಜೆ ಗಂಜಿ ತಂದಾಗ ಅತ್ತೆ ಹಾಸಿಗೆಯಲ್ಲಿರಲಿಲ್ಲ. ಮಂಚದ ಪಕ್ಕ ನೆಲದ ಮೇಲಿದ್ದರು. ಬಿದ್ದರೆಂದು ಕೂಗಿಕೊಂಡೆ. "ಸುಮ್ಮನಿರೇ, ಬಿದ್ದಿಲ್ಲ" ಎಂದರು. ಮಂಚದ ಕಂಬಿ ಹಿಡಿದು, ಎರಡೂ ಮಂಡಿ ನೆಲಕ್ಕೂರಿ, ಖಾಲಿ ಕುರ್ಚಿಯ ಎದುರು ಅಭ್ಯಾಸ ಮಾಡುತ್ತಿದ್ದರು. "ಈ ಸಲ ಬಂದ್ರೆ ಅವನಿಗೆ ಬೇಜಾರು ಮಾಡಲ್ಲ." ಇವತ್ತು ಬೆಳಿಗ್ಗೆ ಮತ್ತೆ ಪ್ರಯತ್ನಿಸಿದರು, ಒಂದು ಮಂಡಿ ಮಾತ್ರ ನೆಲಕ್ಕೆ ತಾಗಿತು. ನೀವು ಬಂದಾಗ ಅತ್ತೆ ನಿಂತೇ ಇದ್ದರೆ, ನೀರು ಮತ್ತೆ ತುಂಬಿಕೊಂಡಿದೆ ಎಂದು ತಿಳಿಯಿರಿ.